ಒತ್ತಿದ ಕೈ, ಬರೆದ ಕೈ

ಹನ್ನೊಂದು ವರ್ಷದ ಹಿಂದಿನ ಮಾತು. ನಮ್ಮ ದೊಡ್ಡಪ್ಪನನ್ನು ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಕೇಂದ್ರಕ್ಕೆ ಸಾಗಿಸುವಾಗ ಆಂಬುಲೆನ್ಸಿನಲ್ಲಿ ಅವರ ತಲೆಯ ಕಡೆ ನಾನು ಕೂತಿದ್ದೆ. ಗಂಟಲೊಳಗೆ ಕೊಳವೆ ಇಳಿಸಿದ್ದರು, ಅದರ ತುದಿಗೆ ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗು. ಜೊತೆಗಿದ್ದ ಸಿಸ್ಟರ್ ಒಬ್ಬರೇ. ಡ್ರಿಪ್ಪು ನೋಡಬೇಕು, ನಾಡಿ ನೋಡಬೇಕು, ಬ್ಯಾಗೂ ಒತ್ತಬೇಕು. ದಾರಿಯಲ್ಲಿ ಅವರ ಕೈ ಸೋತಿತು. "ಅಣ್ಣಾ, ನೀವು ಹಿಡ್ಕೊಳ್ಳಿ. ಒಂದ್ಸಲ ಒತ್ತಿ ಬಿಡಿ, ಐದರವರೆಗೆ ಎಣಿಸಿ ಮತ್ತೆ ಒತ್ತಿ. ಜೋರು ಮಾಡ್ಬೇಡಿ. ಎದೆ ಏಳೋದು ನೋಡ್ತಾ ಇರಿ" ಅಂದರು.

ನಲವತ್ತು ನಿಮಿಷ ಒತ್ತಿದೆ. ಹೊರಗೆ ಯಾವ ಊರು ಬಂತು, ಯಾವುದು ಹೋಯಿತು, ಒಂದೂ ಗೊತ್ತಾಗಲಿಲ್ಲ. ಕಣ್ಣು ಅವರ ಎದೆಯ ಮೇಲೆ, ಬಾಯಲ್ಲಿ ಎಣಿಕೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೇರು ತೋರಿಸಿದ ಮನುಷ್ಯನ ಉಸಿರು ನನ್ನ ಬೆರಳುಗಳ ನಡುವೆ ಇತ್ತು. ದೊಡ್ಡಪ್ಪ ಬದುಕಿ ಮನೆಗೆ ಬಂದರು. ಸಿಸ್ಟರ್ ಹೇಳಿದ ಆ ನಾಲ್ಕು ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಅಷ್ಟು ಸಣ್ಣ ಮಾತುಗಳನ್ನು ಮನುಷ್ಯರು ಎಲ್ಲಿಂದ, ಯಾರ ಮೈಯಿಂದ ಕಲಿತರು?

ಹುಡುಕುತ್ತಾ ಹೋದರೆ ಕತೆ ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಮುಟ್ಟುತ್ತದೆ. 1952ರ ಬೇಸಿಗೆ. ಊರಿಗೆ ಊರೇ ಪೋಲಿಯೊ ಹೊಡೆತಕ್ಕೆ ಸಿಕ್ಕಿತ್ತು. ಬ್ಲೆಗ್‌ಡಾಮ್ ಆಸ್ಪತ್ರೆಗೆ ಕೆಲವು ದಿನ ಐವತ್ತು ಮಂದಿ ಹೊಸ ರೋಗಿಗಳು ಬರುತ್ತಿದ್ದರು, ಅವರಲ್ಲಿ ಮಕ್ಕಳೇ ಹೆಚ್ಚು. ಉಸಿರಾಟದ ಸ್ನಾಯುಗಳೇ ಸತ್ತುಹೋದವರಿಗೆ ಉಸಿರು ಕೊಡಲು ಇದ್ದದ್ದು ಒಂದು ಕಬ್ಬಿಣದ ಪೆಟ್ಟಿಗೆಯಂಥ ಯಂತ್ರ, ಎದೆಗೆ ಕಟ್ಟುವ ಆರು ಕವಚಗಳು. ಮೊದಲ ಕೆಲವು ವಾರಗಳಲ್ಲಿ ಯಂತ್ರಕ್ಕೆ ಹಾಕಿದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಕೊನೆಗೆ ಮುಖ್ಯ ವೈದ್ಯ ಲಾಸ್ಸೆನ್ ಅವರು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರನ್ನು ಕರೆಸಿದರು. ಆ ಕಾಲಕ್ಕೆ ಇದು ಸಣ್ಣ ಸಂಗತಿಯಲ್ಲ. ಅರಿವಳಿಕೆ ಕೊಡುವವರ ಜಾಗ ಆಪರೇಷನ್ ಕೊಠಡಿ, ವಾರ್ಡಿನಲ್ಲಿ ಅವರಿಗೇನು ಕೆಲಸ ಅನ್ನುತ್ತಿದ್ದ ಕಾಲ ಅದು.

ಇಬ್ಸೆನ್ ಮೊದಲು ನೋಡಿದ್ದು ಸತ್ತವರನ್ನು. ಶವಪರೀಕ್ಷೆಯಲ್ಲಿ ಅವರ ಶ್ವಾಸಕೋಶಗಳು ಸಾಯುವಷ್ಟು ಕೆಟ್ಟಿರಲಿಲ್ಲ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡಿನ ಒಟ್ಟು ಅಂಶ ಏರಿದ್ದನ್ನು ಕಂಡ ವೈದ್ಯರು, ರೋಗದಿಂದ ರಕ್ತ ಕ್ಷಾರವಾಗಿದೆ ಎಂದು ಓದಿಕೊಂಡಿದ್ದರು. ಇಬ್ಸೆನ್ ಅದೇ ಅಂಕಿಯನ್ನು ಬೇರೆ ಥರ ಓದಿದರು: ಹೊರಗೆ ಹೋಗಬೇಕಾದ ಗಾಳಿ ಹೋಗುತ್ತಿಲ್ಲ, ಒಳಗೇ ಕೂಡಿ ರಕ್ತ ಆಮ್ಲವಾಗುತ್ತಿದೆ, ಈ ಮಕ್ಕಳಿಗೆ ಉಸಿರೇ ಸಾಲುತ್ತಿಲ್ಲ. ಪ್ರಯೋಗಾಲಯದ ಪೌಲ್ ಆಸ್ಟ್ರುಪ್ ರಕ್ತದ ಆಮ್ಲತೆಯನ್ನು ನೇರವಾಗಿ ಅಳೆದು ನೋಡಿದಾಗ ಇಬ್ಸೆನ್ ಹೇಳಿದ್ದೇ ನಿಜವಾಯಿತು. ಇವತ್ತು ಐಸಿಯುನಲ್ಲಿ ಗಳಿಗೆಗೊಮ್ಮೆ 'ಎಬಿಜಿ ಕಳಿಸಿ' ಅನ್ನುತ್ತಾರಲ್ಲ, ರಕ್ತದ ಅನಿಲ, ಆಮ್ಲತೆ ಅಳೆಯುವ ಆ ಪರೀಕ್ಷೆಯ ಬೇರು ಆ ಬೇಸಿಗೆಯಲ್ಲಿದೆ.

ಆಗಸ್ಟ್ 27ರಂದು ಹನ್ನೆರಡು ವರ್ಷದ ಒಬ್ಬ ಹುಡುಗಿಯ ಮೇಲೆ, ಕೈಯಿಂದಲೇ ಗಾಳಿ ಒತ್ತಿ ಸಾಲುವಷ್ಟು ಉಸಿರು ಕೊಡಬಹುದೆಂದು ಇಬ್ಸೆನ್ ಮಾಡಿ ತೋರಿಸಬೇಕಾಗಿ ಬಂತು. ಇನ್ನೇನು ಹೋಗಿಯೇಬಿಡುತ್ತಾಳೆ ಅನ್ನುವ ಸ್ಥಿತಿ. ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆ ಇಳಿಸಿ ರಬ್ಬರ್ ಚೀಲ ಸೇರಿಸಿದರು. ಹುಡುಗಿ ಒದ್ದಾಡಿದಳು, ಗಾಳಿ ಒಳಗೆ ಹೋಗಲೊಲ್ಲದು. ಸುತ್ತ ನಿಂತಿದ್ದ ವೈದ್ಯರು ಆಸೆ ಬಿಟ್ಟು ಒಬ್ಬೊಬ್ಬರಾಗಿ ಹೊರಗೆ ನಡೆದರು. ಇಬ್ಸೆನ್ ಪೆಂಟೊಥಾಲ್ ಎಂಬ ಅರಿವಳಿಕೆ ಮದ್ದು ಚುಚ್ಚಿ ಅವಳನ್ನು ಮಲಗಿಸಿದರು. ಅವಳ ಒದ್ದಾಟ ನಿಂತಿತು, ಚೀಲ ಒತ್ತಿದರು, ಎದೆ ಎದ್ದಿತು. ಮುಖಕ್ಕೆ ಬಣ್ಣ ಮರಳಿತು.

ಸಾಲದೆಂದು, ಆಮೇಲೆ ಅವಳನ್ನು ಮತ್ತೆ ಹಳೆಯ ಕವಚಕ್ಕೆ ಹಾಕಿ ಹೋಲಿಸಿ ನೋಡಿದರು. ಅವಳು ಮತ್ತೆ ಕುಸಿದಳು, ಮತ್ತೆ ಚೀಲಕ್ಕೆ ತಂದರು. ಈ ಭಾಗ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬಾಯಿ ಬಿಟ್ಟು ಬೇಡ ಅನ್ನಲಾರದ ಮಗು ಅದು. ಆದರೆ ಆ ಹೋಲಿಕೆ ಕಣ್ಣಿಗೆ ಬೀಳದಿದ್ದರೆ ಉಳಿದ ವೈದ್ಯರು ನಂಬುತ್ತಿರಲಿಲ್ಲ, ಪಕ್ಕದ ಮಂಚದ ಮಕ್ಕಳು ಉಳಿಯುತ್ತಿರಲಿಲ್ಲ. ಎರಡೂ ಮಾತು ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ನನ್ನಿಂದಾಗದು.

ಆಮೇಲೆ ಬೇಕಾದದ್ದು ಕೈಗಳು. ಸುಮಾರು 1,500 ಮಂದಿ ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು, ಹಗಲು ರಾತ್ರಿ ಮಂಚದ ಪಕ್ಕ ಕೂತು ಚೀಲ ಒತ್ತಿದರು. ಒಟ್ಟು 1,65,000 ಗಂಟೆ ಎಂದು ಲೆಕ್ಕ. ಮಕ್ಕಳಿಗೆ ಎಚ್ಚರವಿತ್ತು. ವಿದ್ಯಾರ್ಥಿಗಳು ಒಂದು ಕೈಯಲ್ಲಿ ಒತ್ತುತ್ತಾ ಅವರಿಗೆ ಕತೆ ಓದಿದರು, ಕಣ್ಣ ಸನ್ನೆಯಿಂದಲೇ 'ಇನ್ನಷ್ಟು ಗಾಳಿ ಬೇಕು' ಅನ್ನುವುದನ್ನು ತಿಳಿದುಕೊಂಡರು. ಕೆಲವರ ಕೈಯಲ್ಲೇ ಮಕ್ಕಳು ಸತ್ತರು. ಆದರೂ ಹತ್ತರಲ್ಲಿ ಒಂಬತ್ತು ಸಾವು ಕಾಣುತ್ತಿದ್ದ ಕಡೆ ಅದು ನಾಲ್ಕಕ್ಕೆ ಇಳಿಯಿತು. ಮರುವರ್ಷ ಇಬ್ಸೆನ್ ಅದೇ ಊರಿನಲ್ಲಿ ತೆರೆದ ವಾರ್ಡನ್ನು ಜಗತ್ತಿನ ಮೊದಲ ತೀವ್ರ ನಿಗಾ ಘಟಕ ಎನ್ನುತ್ತಾರೆ. ಒತ್ತಿ ಬಿಟ್ಟರೆ ತಾನೇ ಉಬ್ಬಿಕೊಳ್ಳುವ ಆಂಬು ಬ್ಯಾಗನ್ನು ಅದೇ ದಶಕದಲ್ಲಿ ರೂಪಿಸಿದ ಹೆನ್ನಿಂಗ್ ರೂಬೆನ್ ಕೂಡ ಡೆನ್ಮಾರ್ಕಿನ ಅರಿವಳಿಕೆ ವೈದ್ಯರು. ಮೊದಲ ಮಾದರಿಗೆ ಅವರು ಸೈಕಲ್ಲಿನ ಕಡ್ಡಿಗಳನ್ನು ಬಳಸಿದ್ದರಂತೆ.

'ಜೋರು ಮಾಡ್ಬೇಡಿ' ಅನ್ನುವ ಮಾತಿಗೂ ಒಂದು ಹಿನ್ನೆಲೆ ಇದೆ. ಕೆಟ್ಟ ಶ್ವಾಸಕೋಶಕ್ಕೆ ದೊಡ್ಡ ದೊಡ್ಡ ಉಸಿರು ತುಂಬುವುದೇ ಬಹುಕಾಲ ವೆಂಟಿಲೇಟರಿನ ರೂಢಿಯಾಗಿತ್ತು. 2000ದಲ್ಲಿ ಅಮೆರಿಕದ ಆಸ್ಪತ್ರೆಗಳ ಒಂದು ಕೂಟ 861 ರೋಗಿಗಳ ಅಧ್ಯಯನ ಪ್ರಕಟಿಸಿತು. ಎತ್ತರ ನೋಡಿ ಅಂದಾಜಿಸಿದ ಮೈತೂಕದ ಲೆಕ್ಕದಲ್ಲಿ, ಕಿಲೋಗೆ 12 ಮಿಲಿಲೀಟರಿನಂತೆ ಉಸಿರು ಕೊಟ್ಟವರಲ್ಲಿ ನೂರಕ್ಕೆ ಸುಮಾರು 40 ಮಂದಿ ಸತ್ತಿದ್ದರು, 6ರಂತೆ ಕೊಟ್ಟವರಲ್ಲಿ 31. ಒಳ್ಳೆಯದಾಗಲಿ ಎಂದು ತುಂಬಿದ ಗಾಳಿಯೇ ಕೊಲ್ಲುತ್ತಿತ್ತು. ಅಂಥ ಅಧ್ಯಯನಗಳಲ್ಲಿ ಮಂಚದ ಮೇಲಿದ್ದವರು ಮಾತಾಡಲಾರರು. ಸಮ್ಮತಿ ಪತ್ರಕ್ಕೆ ರುಜು ಹಾಕುವವರು ಸಾಮಾನ್ಯವಾಗಿ ಹೆಂಡತಿ, ಮಗ, ಅಣ್ಣ. ಆ ನಲವತ್ತರಲ್ಲಿ ಒಬ್ಬರ ಮಗನಾಗಿ ನಾನು ಇದ್ದಿದ್ದರೆ? ನನಗೆ ಆಗ ಉಳಿಯುತ್ತಿದ್ದ ಸಮಾಧಾನ ಒಂದೇ: ನಮ್ಮಪ್ಪನ ಮೈಮೇಲೆ ಕಂಡದ್ದನ್ನು ಕಂಡ ಹಾಗೆಯೇ ಬರೆದರು, ಮುಂದಿನವನ ಅಪ್ಪ ಅದರಿಂದ ಉಳಿದ.

ಆ ಒಂದು ಸಮಾಧಾನವನ್ನೂ ಕಸಿದವರಿದ್ದಾರೆ. ಜರ್ಮನಿಯ ಯೋವಾಕಿಮ್ ಬೋಲ್ಟ್ ಅರಿವಳಿಕೆ ಕ್ಷೇತ್ರದ ದೊಡ್ಡ ಹೆಸರಾಗಿದ್ದರು. ರಕ್ತನಾಳಕ್ಕೆ ಕೊಡುವ ಪಿಷ್ಟದ ದ್ರಾವಣ ಸುರಕ್ಷಿತ ಎಂದು ಸಾಲುಸಾಲಾಗಿ ಬರೆದವರು. ಅವರದೊಂದು ಅಧ್ಯಯನ ನಡೆದೇ ಇರಲಿಲ್ಲವೆಂದು ಹೊರಬಿತ್ತು. ನೈತಿಕ ಸಮಿತಿಯ ಒಪ್ಪಿಗೆ ಪಡೆದಿರಲಿಲ್ಲವೆಂದು 80ಕ್ಕೂ ಹೆಚ್ಚು ಲೇಖನಗಳನ್ನು ವೈದ್ಯಕೀಯ ಪತ್ರಿಕೆಗಳು 2011ರಲ್ಲಿ ಹಿಂಪಡೆದವು. ಅವರ ಲೇಖನಗಳನ್ನು ತೆಗೆದಿಟ್ಟು 2013ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ತೀವ್ರವಾಗಿ ಕಾಯಿಲೆ ಬಿದ್ದವರಲ್ಲಿ ಆ ದ್ರಾವಣದಿಂದ ಮೂತ್ರಪಿಂಡದ ತೊಂದರೆಯೂ ಸಾವೂ ಹೆಚ್ಚುವುದು ಕಂಡಿತು.

ಚೀಲ ಒತ್ತುವ ಕೈ ಒಂದು ನಿಮಿಷ ಮೋಸ ಮಾಡಿದರೆ ಎದೆ ಏಳುವುದಿಲ್ಲ, ಎದುರಿಗಿದ್ದವರೆಲ್ಲ ಕಿರುಚುತ್ತಾರೆ. ಬರೆಯುವ ಕೈ ಮೋಸ ಮಾಡಿದಾಗ ಆ ಕೋಣೆಯಲ್ಲಿ ಯಾರಿಗೂ ಏನೂ ಕಾಣುವುದಿಲ್ಲ. ಉಸಿರು ನಿಲ್ಲುವುದು ಇನ್ನೆಲ್ಲೋ, ಇನ್ಯಾವುದೋ ದೇಶದ ವಾರ್ಡಿನಲ್ಲಿ, ಆ ಲೇಖನವನ್ನು ನಂಬಿದ ಒಳ್ಳೆಯ ವೈದ್ಯರೊಬ್ಬರ ಕೈಯಲ್ಲಿ. ನನ್ನ ಮಟ್ಟಿಗೆ ಇದು ಬರಿಯ ವೃತ್ತಿಯ ತಪ್ಪಲ್ಲ, ಕೊಲೆಗೆ ಹತ್ತಿರದ ಪಾಪ.

ಹಾಗೆಂದು ಸಂಶೋಧನೆಯ ಮಾತು ಬಂದ ಕೂಡಲೇ 'ನಮ್ಮವರ ಮೇಲೆ ಪ್ರಯೋಗ ಬೇಡ' ಎಂದು ಬಾಗಿಲು ಹಾಕಬೇಡಿ. ಮುಂದೊಂದು ದಿನ ಐಸಿಯು ಹೊರಗಿನ ಬೆಂಚಿನ ಮೇಲೆ ನೀವು ಕೂತಿರುವಾಗ ವೈದ್ಯರು ಸಮ್ಮತಿ ಪತ್ರ ಹಿಡಿದು ಬಂದರೆ, ಕನ್ನಡದಲ್ಲಿರುವ ಪ್ರತಿಯನ್ನೇ ಕೇಳಿ. ಯಾವ ಔಷಧ, ಬೇಡವೆಂದರೆ ಏನಾಗುತ್ತದೆ, ನಡುವೆ ಹಿಂದೆ ಸರಿಯಬಹುದೇ, ಎಲ್ಲವನ್ನೂ ಕೇಳಿ. ನಮ್ಮ ದೇಶದಲ್ಲಿ ಔಷಧ ಪ್ರಯೋಗಗಳನ್ನು ಮೊದಲೇ ಸಿಟಿಆರ್‌ಐ ಎಂಬ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸಬೇಕು. ಅದರ ಸಂಖ್ಯೆ ಬರೆದುಕೊಳ್ಳಿ. ವರ್ಷ ಕಳೆದ ಮೇಲೆ ಆ ವೈದ್ಯರಿಗೆ ಫೋನ್ ಮಾಡಿ, ಕೊನೆಗೆ ಏನು ಕಂಡಿತು ಅಂತ ಕೇಳಿ.