ಮಗುವಿನ ಇರುಳಿನ ಹಸಿವು ಮತ್ತು ಶ್ರಾವಕಧರ್ಮ

ಶ್ರಾವಕಾಚಾರದ ನಿಯಮಗಳಲ್ಲಿ ಲೋಕಕ್ಕೆ ಅತ್ಯಂತ ಪರಿಚಿತವಾದುದು ರಾತ್ರಿಭೋಜನತ್ಯಾಗ. ಫಲ್ಗುಣಿ ನದಿಯ ದಡದಲ್ಲಿ, ಕ್ರಿ.ಶ. 1604ರಲ್ಲಿ ಅಜಿಲ ಅರಸನಾದ ತಿಮ್ಮಣ್ಣನು ಪ್ರತಿಷ್ಠಾಪಿಸಿದ ಬಾಹುಬಲಿಸ್ವಾಮಿಯ ಸನ್ನಿಧಿಯಾದ ವೇಣೂರಿನಲ್ಲಿಯೂ, ಸುತ್ತಣ ಗ್ರಾಮಗಳಲ್ಲಿಯೂ, ಹೊತ್ತು ಮುಳುಗುವ ಮುನ್ನ ಊಟ ಮುಗಿಸುವ ಮನೆಗಳು ಇಂದಿಗೂ ಇವೆ. ಅಂತಹ ಮನೆಯಲ್ಲಿ ಮಗು ಹುಟ್ಟಿದಾಗ ಒಂದು ಸಂದೇಹ ತಲೆದೋರುವುದುಂಟು. ಬಾಯಿಬಿಟ್ಟು ಕೇಳಲು ಬಾಣಂತಿಗೆ ಸಂಕೋಚ, ಉತ್ತರಿಸಲು ಹಿರಿಯರಿಗೂ ಸಂಕೋಚ. ಮೊಲೆಹಾಲೂ ಆಹಾರವೇ ಅಲ್ಲವೇ? ವ್ರತವೆಂಬುದು ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಯಿಂದಲೂ ಪಾಲಿಸತಕ್ಕದ್ದು. ತಾನು ಉಣ್ಣದಿದ್ದರೆ ಸಾಲದು, ಉಣಿಸಲೂಬಾರದು. ಹಾಗಿದ್ದಮೇಲೆ ನಡುರಾತ್ರಿ ಮಗುವಿಗೆ ಹಾಲೂಡುವ ತಾಯಿಯ ನಿಯಮಕ್ಕೆ ಭಂಗ ಬಂದಂತಾಯಿತೇ?

ಈ ಸಂದೇಹವನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ವ್ರತದಲ್ಲಿ ಶ್ರದ್ಧೆಯುಳ್ಳವರಿಗೇ ಇಂತಹ ಪ್ರಶ್ನೆ ಹುಟ್ಟುತ್ತದೆ; ಆದುದರಿಂದ ಶಾಸ್ತ್ರದ ನೆಲೆಯಲ್ಲಿಯೇ ಇದಕ್ಕೆ ಉತ್ತರ ಹುಡುಕಬೇಕು.

ಮೊದಲು ನಿಯಮದ ಕಾರಣವನ್ನು ನೋಡೋಣ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ರಾತ್ರಿಭೋಜನವಿರತಿಯನ್ನು ಪ್ರತ್ಯೇಕ ವ್ರತವೆಂದು ಏಕೆ ಎಣಿಸಿಲ್ಲವೆಂಬ ಪ್ರಶ್ನೆಯನ್ನೆತ್ತಿ, ಅದು ಅಹಿಂಸಾವ್ರತದ ಭಾವನೆಗಳಲ್ಲೊಂದಾದ ಆಲೋಕಿತಪಾನಭೋಜನದಲ್ಲಿ, ಎಂದರೆ ಬೆಳಕಿನಲ್ಲಿ ನೋಡಿ ಉಣ್ಣುವುದರಲ್ಲಿ, ಅಡಗಿದೆಯೆಂದು ಸಮಾಧಾನ ಹೇಳುತ್ತಾರೆ. ಕತ್ತಲೆಯಲ್ಲಿ ಅನ್ನದೊಳಗೆ ಬಿದ್ದ ಜೀವ ಕಾಣದು. ದೀಪ ಹಚ್ಚಿದರೆ ಹುಳುಗಳು ದೀಪಕ್ಕೆ ಮುತ್ತುತ್ತವೆ. ಒಲೆ ಹೊತ್ತಿಸಿದರೆ ಆರಂಭಹಿಂಸೆ ಬೆಳೆಯುತ್ತದೆ. ತಾಯಿಯ ಎದೆಯಿಂದ ನೇರವಾಗಿ ಮಗುವಿನ ಬಾಯಿಗೆ ಇಳಿಯುವ ಹಾಲಿಗೆ ಇವುಗಳಲ್ಲಿ ಒಂದಾದರೂ ಅನ್ವಯಿಸುವುದೇ? ಅದಕ್ಕೆ ಒಲೆ ಬೇಡ, ಪಾತ್ರೆ ಬೇಡ, ದೀಪವೂ ಬೇಡ.

ಇನ್ನು ಕಾರಿತದ ಆಕ್ಷೇಪ. ವ್ರತವೆಂಬುದು ತಿಳಿದು, ಇಚ್ಛಿಸಿ ಸ್ವೀಕರಿಸತಕ್ಕದ್ದು. ಎಂಟು ವರ್ಷ ತುಂಬುವ ಮೊದಲು ಮನುಷ್ಯನಿಗೆ ಸಂಯಮಧಾರಣೆಯ ಯೋಗ್ಯತೆ ಬರುವುದಿಲ್ಲವೆಂದು ನಮ್ಮ ಪರಂಪರೆ ಹೇಳುತ್ತದೆ. ಎಂಟು ದಿನದ ಕೂಸಿನ ಮೇಲೆ ವ್ರತವನ್ನು ಹೇರುವವರು ಯಾರು? ವ್ಯಾಪಾರಿಗಳಿಗೆ ತಿಳಿಯುವ ಮಾತಿನಲ್ಲಿ ಹೇಳುವುದಾದರೆ, ಒಬ್ಬನ ಪುಣ್ಯದ ಖರ್ಚನ್ನು ಇನ್ನೊಬ್ಬನ ಖಾತೆಗೆ ಬರೆಯಲಾಗದು.

ಇಷ್ಟರಿಂದ ಇರುಳಿನಲ್ಲಿ ಹಾಲೂಡುವುದು ದೋಷವಲ್ಲವೆಂದು ಮಾತ್ರ ಸಿದ್ಧವಾಗುತ್ತದೆ. ಶಾಸ್ತ್ರ ಅಲ್ಲಿಗೆ ನಿಲ್ಲುವುದಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳನ್ನು ಐದಾಗಿ ಎಣಿಸುತ್ತಾರೆ. ಕಟ್ಟುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೇರುವುದು ಇವುಗಳ ಸಾಲಿನಲ್ಲಿಯೇ ಐದನೆಯದಾಗಿ ನಿಂತಿರುವುದು ಅನ್ನಪಾನನಿರೋಧ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಆಹಾರವನ್ನು ತಡೆಹಿಡಿಯುವುದು ಈ ಪಟ್ಟಿಯಲ್ಲಿದೆ. ಸಾಮಾನ್ಯವಾಗಿ ಇದನ್ನು ಹಟ್ಟಿಯ ದನಕರುಗಳಿಗೆ, ಆಳುಕಾಳುಗಳಿಗೆ ಅನ್ವಯಿಸಿ ವಿವರಿಸುವ ರೂಢಿ. ಆದರೆ ತನ್ನ ಅನ್ನಕ್ಕಾಗಿ ಪರರನ್ನೇ ನೆಚ್ಚಿದ ಜೀವಿಗಳಲ್ಲಿ ಎಳೆಯ ಕೂಸಿಗಿಂತ ಪರಾಧೀನವಾದುದು ಯಾವುದಿದೆ? ಹಸಿದ ಕರುವಿನ ಕಣ್ಣಿ ಬಿಚ್ಚದಿರುವುದು ಅತಿಚಾರವಾದರೆ, ಹಸಿದ ಕೂಸಿಗೆ ಬೆಳಗಾಗಲೆಂದು ಕಾಯಿಸುವುದೂ ಅತಿಚಾರವೇ. ಅಹಿಂಸೆಯ ರಕ್ಷಣೆಗೆಂದು ಹಾಕಿದ ನಿಯಮವನ್ನು ಹಿಡಿದು ಅಹಿಂಸೆಯನ್ನೇ ಮೀರುವುದು ಬೇಲಿಯೇ ಎದ್ದು ಹೊಲ ಮೇಯ್ದಂತೆ.

ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಬರುವ ದಾಯಕದೋಷಗಳ ವಿಚಾರ ಇನ್ನೂ ಮನನೀಯ. ಮುನಿಗೆ ಆಹಾರ ನೀಡಲು ಯಾರು ಅನರ್ಹರೆಂದು ಹೇಳುವಲ್ಲಿ, ಮೊಲೆಯುಣ್ಣುತ್ತಿರುವ ಮಗುವನ್ನು ಕೆಳಗಿಟ್ಟು ಬಂದ ಸ್ತ್ರೀಯನ್ನೂ ಆಚಾರ್ಯರು ಸೇರಿಸಿದ್ದಾರೆ. ಅವಳು ಅಶುಚಿಯೆಂದಲ್ಲ, ಆ ಹಾಲು ಆ ಹೊತ್ತಿನಲ್ಲಿ ಮಗುವಿಗೆ ಸಲ್ಲತಕ್ಕದ್ದು ಎಂದೇ ಇದರ ತಾತ್ಪರ್ಯ. ಶ್ರಾವಕರ ಪಾಲಿಗೆ ಆಹಾರದಾನಕ್ಕಿಂತ ಮಿಗಿಲಾದ ಭಾಗ್ಯವಿಲ್ಲ. ಅಂತಹ ದಾನವೂ ಮೊಲೆಯುಣ್ಣುವ ಮಗುವಿನ ಮುಂದೆ ಹಿಂದಾಗಬೇಕೆಂದಮೇಲೆ, ಮನೆಯವರ ನಿದ್ರೆ ಯಾವ ಲೆಕ್ಕದ್ದು?

ನಿದ್ರೆಯ ಮಾತು ಬಂದುದರಿಂದ ಇನ್ನೊಂದು ವಾದವನ್ನೂ ಪರಿಶೀಲಿಸಬೇಕು. ಇದು ಧರ್ಮದ ಹೆಸರಿನಲ್ಲಿ ಬಂದುದಲ್ಲ, ಶಿಸ್ತಿನ ಹೆಸರಿನಲ್ಲಿ ಬಂದುದು. ಅತ್ತಾಗಲೆಲ್ಲ ಎತ್ತಿಕೊಂಡರೆ ಮಗು ಹಠಮಾರಿಯಾಗುತ್ತದೆ, ನಾಲ್ಕು ದಿನ ಅಳಲು ಬಿಟ್ಟರೆ ತಾನೇ ಮಲಗಲು ಕಲಿಯುತ್ತದೆ ಎಂಬುದು ಆ ವಾದ. ನ್ಯೂಜಿಲೆಂಡಿನಲ್ಲಿ 1907ರಲ್ಲಿ ಪ್ಲಂಕೆಟ್ ಸಂಸ್ಥೆಯನ್ನು ಕಟ್ಟಿದ ಡಾ. ಟ್ರುಬಿ ಕಿಂಗ್ ಅವರು ನಾಲ್ಕು ಗಂಟೆಗೊಮ್ಮೆ ಮಾತ್ರ ಹಾಲು, ರಾತ್ರಿ ಹಾಲೇ ಬೇಡ ಎಂಬ ಪದ್ಧತಿಯನ್ನು ಸಾರಿದರು. ಅದು ಬ್ರಿಟಿಷ್ ಸಾಮ್ರಾಜ್ಯದ ಅನೇಕ ನಾಡುಗಳಲ್ಲಿ ಹಬ್ಬಿತು. ಇಂದಿನ ವೈದ್ಯಶಾಸ್ತ್ರ ಅದನ್ನು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ಹಗಲಿರುಳೆನ್ನದೆ ಮಗು ಬೇಡಿದಾಗ ಹಾಲೂಡಿಸಬೇಕೆನ್ನುತ್ತವೆ. ಹಸುಗೂಸಿನ ಹೊಟ್ಟೆ ಚಿಕ್ಕದು, ತಾಯಿಹಾಲು ಬೇಗ ಅರಗುವಂಥದು. ದಿನವೊಂದಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುವುದು ಸಹಜ. ಹಗಲು ಇರುಳಿನ ಭೇದ ಅದರ ಶರೀರಕ್ಕೆ ತಿಳಿಯಲು ಎರಡು ಮೂರು ತಿಂಗಳು ಬೇಕು. ಹಾಲು ಉತ್ಪತ್ತಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ಎಂಬ ಸ್ರಾವವು ತಾಯಿಯಲ್ಲಿ ರಾತ್ರಿಯ ವೇಳೆಗೆ ಹೆಚ್ಚುವುದರಿಂದ, ಇರುಳಿನ ಹಾಲು ನಿಂತರೆ ಹಗಲಿನ ಹಾಲೂ ಕುಂದೀತು.

ಅಳುವೆಲ್ಲ ಹಸಿವಲ್ಲ ಎಂಬುದೂ ನಿಜವೇ. ಒದ್ದೆ ಬಟ್ಟೆ, ಸೆಕೆ, ಹೊಟ್ಟೆಯುಬ್ಬರ, ಮಳೆಗಾಲದಲ್ಲಿ ಹಾಸಿಗೆಗೆ ಹತ್ತುವ ಇರುವೆ ಇವೂ ಕಾರಣಗಳಾದಾವು. ಹಸಿದ ಮಗು ಅಳುವ ಮೊದಲೇ ಬಾಯಿ ಚಪ್ಪರಿಸುತ್ತದೆ, ಕೈಯನ್ನು ಬಾಯಿಗಿಡುತ್ತದೆ, ತಲೆ ತಿರುಗಿಸಿ ಮೊಲೆ ಹುಡುಕುತ್ತದೆ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ, ಅಥವಾ ಮಗು ಹಾಲನ್ನೇ ನಿರಾಕರಿಸಿದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು.

ತಾಯಿಹಾಲು ದೊರೆಯದ ಮಕ್ಕಳೂ ಇದ್ದಾರೆ. ಅವರಿಗಾಗಿ ರಾತ್ರಿ ನೀರು ಕಾಯಿಸಬೇಕಾಗಬಹುದು, ದೀಪ ಹಚ್ಚಬೇಕಾಗಬಹುದು. ಅಲ್ಲಿ ಅಲ್ಪ ಆರಂಭಹಿಂಸೆ ಇಲ್ಲವೆನ್ನಲಾಗದು. ಅದನ್ನು ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳಬೇಕೇ ಹೊರತು ಮಗುವನ್ನು ಉಪವಾಸ ಕೆಡವಬಾರದು.

ಈಗ ತಾಯಿಯ ವಿಚಾರ. ಮನೆಯವರು ಮರೆಯುವುದು ಇದನ್ನೇ. ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲು ಉಂಡು, ಸೂರ್ಯೋದಯವಾಗಿ ಎರಡು ಘಳಿಗೆ ಕಳೆದ ಮೇಲೆ ಬಾಯಿ ತೊಳೆಯುವ ನಿಯಮವನ್ನು ಪುಷ್ಯಮಾಸದಲ್ಲಿ ಪಾಲಿಸಿದರೆ, ನಡುವಣ ಅವಧಿ ಹದಿನಾಲ್ಕು ಗಂಟೆಯನ್ನು ಮೀರುತ್ತದೆ. ಆ ಹದಿನಾಲ್ಕು ಗಂಟೆಗಳಲ್ಲಿ ಅವಳು ನಾಲ್ಕೈದು ಸಲ ಎದ್ದು ಹಾಲೂಡುತ್ತಾಳೆ. ಮೊದಲ ಆರು ತಿಂಗಳಲ್ಲಿ ಹಾಲೂಡುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹೇಳುತ್ತದೆ. ತ್ಯಾಗವೂ ತಪಸ್ಸೂ ಶಕ್ತ್ಯನುಸಾರವಾಗಿರಬೇಕೆಂಬುದು ಷೋಡಶಕಾರಣ ಭಾವನೆಗಳಲ್ಲಿಯೇ ಸೇರಿರುವಾಗ, ಬಾಯಾರಿದ ಬಾಣಂತಿಯ ಕೈಯಿಂದ ನೀರಿನ ಲೋಟವನ್ನು ಕಸಿಯುವ ಅಧಿಕಾರ ಯಾರಿಗೂ ಇಲ್ಲ. ಅವಳು ತಾನಾಗಿಯೇ ನಿಯಮ ಪಾಲಿಸಬಯಸಿದರೆ, ಸಂಜೆ ಐದಕ್ಕೆ ಅವಳ ಬಟ್ಟಲು ತುಂಬಿರುವಂತೆ ನೋಡಿಕೊಳ್ಳುವುದು ಮನೆಯವರ ಹೊಣೆ. ಅನ್ನಪಾನನಿರೋಧವು ಅವಳ ವಿಷಯದಲ್ಲಿಯೂ ಅತಿಚಾರವೇ ತಾನೆ?

ಹಿಂದೆ ಅಳಿಯಸಂತಾನದ ಕೂಡುಕುಟುಂಬಗಳಲ್ಲಿ ಬಾಣಂತಿಯ ಸುತ್ತ ತಾಯಿ, ಚಿಕ್ಕಮ್ಮ, ಅಕ್ಕತಂಗಿಯರ ಹತ್ತು ಕೈಗಳಿದ್ದವು. ಈಗ ಮಂಗಳೂರು, ಬೆಂಗಳೂರುಗಳ ಬಾಡಿಗೆ ಮನೆಯಲ್ಲಿ ಗಂಡಹೆಂಡಿರು ಇಬ್ಬರೇ. ಗೊಮ್ಮಟಸಾರವು ಹೇಳುವ ಹದಿನೈದು ಪ್ರಮಾದಗಳಲ್ಲಿ ನಿದ್ರೆಯೂ ಒಂದು, ಪ್ರಣಯವೆಂದರೆ ಸ್ನೇಹವೂ ಒಂದು. ಮಗುವಿನ ಮೇಲಣ ಮೋಹ ಪ್ರಮಾದವೆಂದು ತಾಯಿಗೆ ಉಪದೇಶಿಸುವ ಗಂಡಸರು ಅದೇ ಪಟ್ಟಿಯಲ್ಲಿ ನಿದ್ರೆಯೂ ಇರುವುದನ್ನು ಓದಿದಂತಿಲ್ಲ. ಬಳಲಿದ ತಾಯಿ ಕುರ್ಚಿಯಲ್ಲೋ ಸೋಫಾದಲ್ಲೋ ಹಾಲೂಡುತ್ತಾ ತೂಕಡಿಸಿದರೆ ಮಗುವಿನ ಉಸಿರಿಗೇ ಅಪಾಯ. ಆ ಹೊತ್ತಿಗೆ ಎಚ್ಚರಿರುವ ಇನ್ನೊಬ್ಬರು ಬೇಕು. ಹಾಲನ್ನು ತಾಯಿಯೇ ಊಡಬೇಕು, ನಿಜ. ಆದರೆ ಮಗುವನ್ನು ತೊಟ್ಟಿಲಿನಿಂದ ಎತ್ತಿ ಅವಳ ಮಡಿಲಿಗೆ ಕೊಡುವುದು, ಕುಡಿದಾದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು, ಒದ್ದೆ ಬಟ್ಟೆ ಬದಲಾಯಿಸುವುದು, ಮತ್ತೆ ಅಂಗಾತ ಮಲಗಿಸುವುದು ಇವೆಲ್ಲ ತಂದೆಯಿಂದಾಗುವ ಕೆಲಸಗಳು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯಬೇಕೆಂಬ ಕಾರಣ ಅವನಿಗಿದ್ದೀತು. ತಾಯಿಗಂತೂ ರಾತ್ರಿಯೂ ಬಾಗಿಲು ಮುಚ್ಚುವಂತಿಲ್ಲ.