ದೂರದಿಂದ ಕಂಡವರ ಪ್ರಾರ್ಥನೆ

ನಮ್ಮ ವಸ್ತಿಗೆ ಕೇಬಲ್ ಬಂದಿಲ್ಲ. ವಿಜಯಪುರದ ಓಣಿಗಳಲ್ಲಿ ಒಂದು ಕಂಬದಿಂದ ಎಳೆದ ವೈರು ಹತ್ತಾರು ಮನೆ ಮುಟ್ಟುತ್ತದೆ. ನಮ್ಮೂರು ಲಚ್ಯಾಣದ ಹೊಲಗಳ ನಡುವೆ ಒಂದೇ ಮನೆಗೆ ಅಷ್ಟು ದೂರ ಎಳೆದರೆ ಯಾವ ಆಪರೇಟರನಿಗೂ ಗಿಟ್ಟದು. ನಮಗಿರುವುದು ಮಾಳಿಗೆಯ ಮೇಲೆ ಆಗ್ನೇಯಕ್ಕೆ ಮುಖ ಮಾಡಿದ ಡಿಶ್. ಊರಿನ ಪ್ರವಚನ ತೋರಿಸುವ ಕೇಬಲ್ ಚಾನೆಲ್ ವಿಜಯಪುರದ ಮೈದುನನ ಮನೆಯಲ್ಲಿ ಬರುತ್ತದೆ, ನಮ್ಮಲ್ಲಿ ಇಲ್ಲ. ಜೋರು ಮಳೆ ಬಂದರಂತೂ ಇದ್ದದ್ದೂ ಹೋಗುತ್ತದೆ.

2024ರ ಏಪ್ರಿಲ್ 3ರ ಸಂಜೆ ನಮ್ಮೂರಿನ ಪುಟ್ಟ ಮಗುವೊಂದು ತೆರೆದ ಬೋರ್‌ವೆಲ್‌ಗೆ ಬಿತ್ತು. ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ, ಸುಮಾರು 20 ಗಂಟೆಗಳ ಮೇಲೆ ಜೀವಂತ ಎತ್ತಿದರು. ಗದ್ದಲವಾದರೆ ಕೆಲಸ ಕೆಡುತ್ತದೆಂದು ನಾವು ಹೋಗಲಿಲ್ಲ. ನಮ್ಮೂರಿನ ಆ ಹೊಲದ ಚಿತ್ರ ಸುಮಾರು 36,000 ಕಿಲೋಮೀಟರ್ ಮೇಲಿನ ಉಪಗ್ರಹ ಮುಟ್ಟಿ ಇಳಿದು ನಮ್ಮ ಪಡಸಾಲೆಗೇ ಬಂತು. ಅತ್ತೆ ವಿಭೂತಿ ಹಚ್ಚಿಕೊಂಡು ರಾತ್ರಿಯಿಡೀ ಟಿವಿ ಮುಂದೆ ಪಂಚಾಕ್ಷರಿ ಜಪಿಸಿದರು. ನಡುವೆ ಒಮ್ಮೆ ಕೇಳಿದರು: "ಯವ್ವಾ, ಇಲ್ಲಿ ಕುಂತು ಬೇಡಿದ್ದು ಆ ಕೂಸಿಗೆ ಮುಟ್ಟತೈತೇನ?"

ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜಿಸುವ ಮನೆಯವರು ನಾವು. ದೇವರು ಅಷ್ಟು ಹತ್ತಿರವಿರುವಾಗ, ಬೇಡಿಕೆ ಅವನನ್ನು ಮುಟ್ಟುವುದಕ್ಕೆ ದೂರ ಅಡ್ಡಿಯಾಗದು ಎಂದೇ ನನ್ನ ನಂಬಿಕೆ. ನನ್ನನ್ನು ಕಾಡಿದ್ದು ಬೇಡಿದವರ ಪಾಡು. ಕರ್ನಾಟಕದಲ್ಲಿ ಎಷ್ಟೋ ಮನೆಗಳು ಅಂದು ಕಣ್ಣೀರಿಟ್ಟವು. ಆ ಕಣ್ಣೀರು ಸುಳ್ಳಲ್ಲ. ಆದರೆ ಮಗು ಬದುಕಿತೆಂದು ಕೈಮುಗಿದು ಚಾನೆಲ್ ಬದಲಿಸಿದ ಮೇಲೆ ಅದರಲ್ಲಿ ಏನುಳಿಯಿತು? ಬತ್ತಿದ ಬೋರ್‌ವೆಲ್‌ಗಳನ್ನು ಮಣ್ಣು ತುಂಬಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅದಾಗಿ 14 ವರ್ಷದ ಮೇಲೂ ನಮ್ಮೂರಿನಲ್ಲಿ ಒಂದು ಕೂಸು ಬೀಳುವಂತೆ ಬೋರ್‌ನ ಬಾಯಿ ತೆರೆದಿತ್ತು.

ಬಸವಣ್ಣನ ಜಿಲ್ಲೆಯಲ್ಲಿ ಹುಟ್ಟಿದ ನನಗೆ ದಯೆಯೆಂದರೆ ಕಾಯಕಕ್ಕೆ ಇಳಿಯಬೇಕಾದದ್ದು. ಅತ್ತೆಗೂ ಹಾಗೇ ಅನಿಸಿರಬೇಕು. ಆ ವಾರವೇ ಆಳು ಕರೆಸಿ, ನಮ್ಮ ಕಬ್ಬಿನ ಹೊಲದ ಬತ್ತಿದ ಬೋರ್‌ಗೆ ಕಲ್ಲು, ಮಣ್ಣು ತುಂಬಿಸಿದರು. ಮುಗಿಯುವವರೆಗೆ ಬದುವಿನ ಮೇಲೆ ನಿಂತೇ ಇದ್ದರು.

ಮೈದುನ ಫೋನಿನಲ್ಲಿ, "ನಾವೂ ಬೇಡಿಕೊಂಡೀವಿ. ಸಿಟಿಯಾಗ ಇರಾವ್ರು ಯಾವ ಬೋರ್ ಮುಚ್ಚಬೇಕು?" ಎಂದ.

"ನಿಮ್ಮ ಓಣಿ ಗಟಾರಕ್ಕ ಮುಚ್ಚಳ ಐತೇನಪಾ?" ಎಂದರು ಅತ್ತೆ.