ಬಾಗಿಲ ಮೇಲಿನ ಜೊಂಡಿನ ಶಿಲುಬೆ



ಐರ್ಲೆಂಡ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಸಂತ ಪ್ಯಾಟ್ರಿಕ್. ಬೆಂಗಳೂರಿನಲ್ಲಿ ಅವರ ಹೆಸರಿನ ಹಳೆಯ ದೇವಾಲಯವೇ ಇದೆ. ಆದರೆ ಆ ನಾಡಿಗೆ ಮೂವರು ಪಾಲಕ ಸಂತರಿದ್ದಾರೆ. ಅವರಲ್ಲಿ ಒಬ್ಬರು ಹೆಣ್ಣುಮಗಳು, ಕಿಲ್ಡೇರ್‌ನ ಸಂತ ಬ್ರಿಜಿಡಮ್ಮ. ಅವರ ಹಬ್ಬ ಫೆಬ್ರವರಿ 1ರಂದು. ಪ್ಯಾಟ್ರಿಕರ ಹಬ್ಬ ಮೆರವಣಿಗೆ, ವಾದ್ಯಗಳ ಬೀದಿಯ ಹಬ್ಬವಾದರೆ ಬ್ರಿಜಿಡಮ್ಮನವರದು ಮನೆಯ ಹಬ್ಬ. ಅದು ಅಡುಗೆಮನೆಯಲ್ಲಿ, ಮಕ್ಕಳ ಕೈಗಳಲ್ಲಿ ನಡೆಯುವ ಹಬ್ಬ.

ಇದನ್ನು ನಾನು ಈಗೇಕೆ ಬರೆಯುತ್ತಿದ್ದೇನೆ? ಐರ್ಲೆಂಡಿನ ಆಸ್ಪತ್ರೆಗಳಲ್ಲಿ ದಾದಿಯರಾಗಿ ದುಡಿಯುತ್ತಿರುವ ನಮ್ಮ ಹೆಣ್ಣುಮಕ್ಕಳಿದ್ದಾರೆ. ಅವರ ಮಕ್ಕಳು ಅಲ್ಲಿನ ಕಥೋಲಿಕ ಶಾಲೆಗಳಿಗೆ ಹೋಗುತ್ತಾರೆ. ಜನವರಿ ಕೊನೆಯಲ್ಲಿ ಅಂಥ ಶಾಲೆಗಳಿಂದ ಮಕ್ಕಳು ಹುಲ್ಲಿನಲ್ಲಿ ಹೆಣೆದ, ಗಾಳಿಗಿರಗಟ್ಟೆಯಂತೆ ಕಾಣುವ ನಾಲ್ಕು ತೋಳಿನ ಶಿಲುಬೆಯೊಂದನ್ನು ಮನೆಗೆ ತರುತ್ತಾರೆ. ರಾತ್ರಿಪಾಳಿ ಮುಗಿಸಿ ಬಂದ ತಾಯಿ "ಚೆನ್ನಾಗಿದೆ ಮಗಾ" ಎಂದು ಫ್ರಿಡ್ಜಿನ ಮೇಲಿಟ್ಟರೆ ಮರುವಾರ ಅದು ಕಸದ ಬುಟ್ಟಿ ಸೇರುತ್ತದೆ. ತಾಯಿಯನ್ನು ದೂರುವಂತಿಲ್ಲ, ಅವಳಿಗೆ ಅದರ ಅರ್ಥವನ್ನು ಯಾರು ಹೇಳಿದ್ದಾರೆ? ಇಲ್ಲಿರುವ ಅಜ್ಜ ಅಜ್ಜಿಯರಾದರೂ ತಿಳಿದುಕೊಂಡು ಫೋನಿನಲ್ಲಿ ಮೊಮ್ಮಕ್ಕಳಿಗೆ ಹೇಳಬಹುದಲ್ಲ!

ಜನ ಹೇಳಿಕೊಂಡು ಬಂದ ಕಥೆ ಹೀಗಿದೆ. ಅಕ್ರೈಸ್ತ ನಾಯಕನೊಬ್ಬ ಮರಣಶಯ್ಯೆಯಲ್ಲಿದ್ದ, ಜ್ವರದಲ್ಲಿ ಕನವರಿಸುತ್ತಿದ್ದ. ಬ್ರಿಜಿಡಮ್ಮನವರನ್ನು ಕರೆಸಿದರು. ಉಪದೇಶ ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಆ ಕಾಲದ ಮನೆಗಳಲ್ಲಿ ನೆಲಕ್ಕೆ ಜೊಂಡುಹುಲ್ಲು ಹಾಸುತ್ತಿದ್ದರು. ಅವರು ಹಾಸಿಗೆಯ ಪಕ್ಕದಲ್ಲಿ ಸುಮ್ಮನೆ ಕುಳಿತು ನೆಲದ ಜೊಂಡನ್ನು ಎತ್ತಿಕೊಂಡು ಹೆಣೆಯತೊಡಗಿದರು. ಬೆರಳುಗಳ ಆಟ ನೋಡುತ್ತಾ ರೋಗಿ ಶಾಂತನಾದ. ಏನು ಮಾಡುತ್ತಿದ್ದೀರಿ ಎಂದು ಕೇಳಿದ. ಅವನೇ ಕೇಳಿದ ಮೇಲೆ ಅವರು ಶಿಲುಬೆಯ ಅರ್ಥ ಹೇಳಿದರು. ಸಾಯುವ ಮುನ್ನ ಅವನು ದೀಕ್ಷಾಸ್ನಾನ ಪಡೆದ.

ಈ ಕಥೆ ಅವರ ಪ್ರಾಚೀನ ಚರಿತ್ರೆಗಳಲ್ಲಿ ಇಲ್ಲ ಎಂಬುದನ್ನು ಒಪ್ಪಿಕೊಳ್ಳೋಣ. ಏಳನೆಯ ಶತಮಾನದಲ್ಲಿ ಕೊಗಿಟೋಸಸ್ ಎಂಬ ಸಂನ್ಯಾಸಿ ಲತೀನ್ ಭಾಷೆಯಲ್ಲಿ ಬರೆದ ಚರಿತ್ರೆಯಲ್ಲಿ ಬೇರೆ ಕಥೆಗಳಿವೆ. ಬೆಣ್ಣೆ ಕಡೆಯಲು ಕಳುಹಿಸಿದರೆ ಬಾಲೆ ಬ್ರಿಜಿಡ್ ಅದನ್ನೆಲ್ಲ ಬಡವರಿಗೆ ಕೊಟ್ಟುಬಿಟ್ಟದ್ದು, ಒದ್ದೆ ಮೇಲುಹೊದಿಕೆಯನ್ನು ಸೂರ್ಯಕಿರಣದ ಮೇಲೆ ಒಣಗಲು ಹಾಕಿದ್ದು. ಮಕ್ಕಳು ಇವನ್ನು ಕೇಳಿ ನಗುತ್ತಾರೆ, ನಗಲಿ. ಆದರೆ ಜೊಂಡಿನ ಕಥೆಯಲ್ಲಿ ಒಂದು ಆಳವಾದ ಸತ್ಯವಿದೆ. ಅಲ್ಲಿ ಉತ್ತರಕ್ಕಿಂತ ಮೊದಲು ಪ್ರಶ್ನೆ ಬರುತ್ತದೆ, ಪ್ರಶ್ನೆಗಿಂತ ಮೊದಲು ಕೈಕೆಲಸ ಬರುತ್ತದೆ. ವಿಮೋಚನಕಾಂಡದ ಹನ್ನೆರಡನೆಯ ಅಧ್ಯಾಯದಲ್ಲಿ ಪಾಸ್ಕದ ವಿಧಿಗಳನ್ನು ಕೊಡುವಾಗಲೂ ಇದೇ ಕ್ರಮ. ಮುಂದೆ ಮಕ್ಕಳು ಈ ಆಚರಣೆಯ ಅರ್ಥವೇನೆಂದು ಕೇಳುವರು, ಆಗ ಹೇಳಬೇಕು ಎಂದು ಮೋಶೆ ಜನರಿಗೆ ತಿಳಿಸುತ್ತಾನೆ. ನಾವಾದರೋ ಕೇಳದ ಮಗುವಿಗೆ ಉತ್ತರ ಹೇಳಿ ಹೇಳಿ ಸುಸ್ತಾಗುತ್ತೇವೆ!

ಹಳೆಯ ಐರಿಶ್ ಮನೆಗಳು ಆ ಪ್ರಶ್ನೆ ಹುಟ್ಟುವಂತೆ ಹಬ್ಬವನ್ನು ಕಟ್ಟಿದ್ದವು. ಜನವರಿ 31ರ ಸಂಜೆ ಜೊಂಡು ತರಬೇಕು. ಅದನ್ನು ಕತ್ತಿಯಿಂದ ಕೊಯ್ಯುವಂತಿಲ್ಲ, ಕೈಯಿಂದಲೇ ಕೀಳಬೇಕು. ಕೆಲವು ಕಡೆ ಮನೆಯ ಹುಡುಗಿಯೊಬ್ಬಳು ಬ್ರಿಜಿಡಮ್ಮನ ಪಾತ್ರ ವಹಿಸಿ, ಜೊಂಡಿನ ಹೊರೆಯೊಂದಿಗೆ ಕತ್ತಲಲ್ಲಿ ಹೊರಗೆ ನಿಂತು ಬಾಗಿಲು ತಟ್ಟುತ್ತಿದ್ದಳು. ಒಳಗಿನವರು ಮೊಣಕಾಲೂರಿರಬೇಕು. ಬ್ರಿಜಿಡಳನ್ನು ಒಳಗೆ ಬಿಡಿರೆಂದು ಅವಳು ಮೂರು ಸಲ ಕೂಗಬೇಕು, ಅವಳಿಗೆ ಸ್ವಾಗತವೆಂದು ಒಳಗಿನವರು ಮೂರು ಸಲ ಉತ್ತರಿಸಬೇಕು. ಆಮೇಲೆ ಬಾಗಿಲು ತೆರೆಯುತ್ತಿತ್ತು. ಜೊಂಡನ್ನು ಊಟದ ಮೇಜಿನ ಕೆಳಗಿಟ್ಟು, ಬೆಣ್ಣೆ ಹಾಕಿ ಕಿವುಚಿದ ಆಲೂಗಡ್ಡೆಯ ಊಟ. ಊಟವಾದ ಮೇಲೆ ಎಲ್ಲರೂ ಕೂಡಿ ಹೆಣೆಯುವುದು. ಯೋಚಿಸಿ ನೋಡಿ, ಅಪ್ಪ ಅಜ್ಜಂದಿರು ಮೊಣಕಾಲೂರಿ ಕಾಯುತ್ತಿರುವಾಗ ಹತ್ತು ವರ್ಷದ ಹುಡುಗಿ ಒಳಗೆ ಬರುತ್ತಾಳೆ! ಆ ಮಗು ಅದನ್ನು ಬದುಕಿನುದ್ದಕ್ಕೂ ಮರೆಯುವಳೇ?

ಅದೇ ರಾತ್ರಿ ಬಟ್ಟೆಯ ತುಂಡೊಂದನ್ನು ಹೊರಗಿಡುತ್ತಿದ್ದರು. ಬ್ರಿಜಿಡಮ್ಮ ಹಾದುಹೋಗುವಾಗ ಅದನ್ನು ಆಶೀರ್ವದಿಸುತ್ತಾರೆಂಬ ನಂಬಿಕೆ. ತಲೆನೋವಿಗೆ, ಹೆರಿಗೆಯ ಹೊತ್ತಿಗೆ ಅದನ್ನು ಜೋಪಾನವಾಗಿ ಕಾದಿಡುತ್ತಿದ್ದರು. ಪಶ್ಚಿಮದ ಗಾಲ್ವೇ ಕಡೆ ಹುಡುಗರು ಹುಲ್ಲಿನ ಹಗ್ಗದ ದೊಡ್ಡ ಬಳೆ ಮಾಡಿ ಮನೆಮನೆಗೆ ಒಯ್ಯುತ್ತಿದ್ದರು. ಮನೆಯವರು ಆ ವರ್ಷದ ಆರೋಗ್ಯಕ್ಕಾಗಿ ಅದರೊಳಗೆ ನುಸುಳಿ ಬರಬೇಕು. ದಪ್ಪಗಿನವರು ನುಸುಳುವಾಗ ಎಷ್ಟು ನಗೆಯೆದ್ದಿರಬೇಡ!

ಇದು ಕ್ರಿಸ್ತರಿಗಿಂತ ಹಿಂದಿನ ಪದ್ಧತಿಯಲ್ಲವೇ ಎಂದು ಕೆಲವರು ಹುಬ್ಬೇರಿಸಬಹುದು. ಹೌದು, ಫೆಬ್ರವರಿ 1 ಅಲ್ಲಿನ ಪುರಾತನರಿಗೆ ವಸಂತದ ಮೊದಲ ದಿನವಾಗಿತ್ತು, ಬ್ರಿಜಿಡ್ ಎಂಬ ಹೆಸರಿನ ದೇವತೆಯೂ ಇದ್ದಳು. ಅದರಿಂದ ಅಂಜಬೇಕಾಗಿಲ್ಲ. ದೈವಕೃಪೆ ಮನುಷ್ಯ ಸ್ವಭಾವವನ್ನು ಕಿತ್ತೆಸೆಯದೆ ಪರಿಪೂರ್ಣಗೊಳಿಸುತ್ತದೆಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದ್ದು ಇಂಥ ಪ್ರಸಂಗಗಳಿಗೂ ಸಲ್ಲುತ್ತದೆ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. 2009ರಲ್ಲಿ ಐರ್ಲೆಂಡಿನಲ್ಲಿ ಎರಡು ತನಿಖಾ ವರದಿಗಳು ಹೊರಬಂದವು. ಧಾರ್ಮಿಕ ಸಭೆಗಳು ನಡೆಸುತ್ತಿದ್ದ ಸಂಸ್ಥೆಗಳಲ್ಲಿ ಮಕ್ಕಳು ದಶಕಗಳ ಕಾಲ ಅನುಭವಿಸಿದ ಹಿಂಸೆ, ಡಬ್ಲಿನ್ ಮಹಾಧರ್ಮಕ್ಷೇತ್ರದಲ್ಲಿ ಗುರುಗಳಿಂದಾದ ದೌರ್ಜನ್ಯಗಳನ್ನು ಮುಚ್ಚಿಟ್ಟದ್ದು, ಎಲ್ಲ ಬಯಲಾಯಿತು. ಮಕ್ಕಳ ಹಬ್ಬದ ಬಗ್ಗೆ ಬರೆಯುವ ಗುರು ಇದನ್ನು ನುಂಗಿಕೊಂಡು ಬರೆದರೆ ಅದು ಸುಳ್ಳಾಗುತ್ತದೆ. ಅನೇಕರು ದೇವಾಲಯಕ್ಕೆ ಬರುವುದನ್ನೇ ಬಿಟ್ಟರು. ಅವರನ್ನು ಜರೆಯುವ ಬಾಯಿ ನಮಗಿಲ್ಲ. ಆದರೂ ಅದೇ ದೇಶ 2023ರಿಂದ ಬ್ರಿಜಿಡಮ್ಮನವರ ಹಬ್ಬಕ್ಕೆ ಸಾರ್ವಜನಿಕ ರಜೆ ಕೊಡುತ್ತಿದೆ, ಸಾಮಾನ್ಯವಾಗಿ ಫೆಬ್ರವರಿಯ ಮೊದಲ ಸೋಮವಾರ. ಅಲ್ಲಿ ಮಹಿಳೆಯೊಬ್ಬರ ಹೆಸರಿನಲ್ಲಿ ಬಂದ ಮೊದಲ ಸಾರ್ವಜನಿಕ ರಜೆಯಿದು. ಪೀಠಗಳ ಮೇಲಿನ ನಂಬಿಕೆ ಕುಸಿದಾಗಲೂ ಅಡುಗೆಮನೆಯ ಮೇಜಿನ ಮೇಲಿನ ಜೊಂಡು ಉಳಿಯಿತು. ಕುಟುಂಬವೇ ಗೃಹ ಧರ್ಮಸಭೆ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿದ್ದನ್ನು ನಾವು ಬಹುಕಾಲ ಬರೀ ಅಲಂಕಾರದ ಮಾತಾಗಿಯೇ ಓದಿದೆವೇನೋ.

ಹಾಗೆಂದು ಜೊಂಡು ಉಳಿದ ಮಾತ್ರಕ್ಕೆ ವಿಶ್ವಾಸವೂ ಉಳಿಯಿತೆಂದು ಹೇಳಲಾಗದು. ಶಿಲುಬೆ ಗೋಡೆಯ ಅಲಂಕಾರವಾಗಿ, ಪ್ರವಾಸಿಗರ ಅಂಗಡಿಯ ಸರಕಾಗಿಯೂ ಉಳಿಯಬಲ್ಲುದು. ಹೆಣೆಯುತ್ತಾ ಮಗು ಮುಖವೆತ್ತಿ "ಇದು ಯಾಕಪ್ಪಾ?" ಎಂದಾಗ ಪಕ್ಕದಲ್ಲಿ ಕುಳಿತವರ ಬಾಯಲ್ಲಿ ಏನು ಬರುತ್ತದೆಂಬುದರ ಮೇಲೆ ಎಲ್ಲವೂ ನಿಂತಿದೆ. ಅಪ್ಪ ಪಕ್ಕದಲ್ಲಿ ಕುಳಿತೇ ಇರದಿದ್ದರೆ ಪ್ರಶ್ನೆಯೂ ಹುಟ್ಟುವುದಿಲ್ಲ.

ಹೆಣೆಯುವ ಬಗೆ ಹೇಳುತ್ತೇನೆ. ಗರಿಗಳ ಭಾನುವಾರ ತೆಂಗಿನ ಗರಿಯಲ್ಲಿ ಶಿಲುಬೆ ಮಾಡಬಲ್ಲ ಕೈಗಳಿಗೆ ಇದು ಕಷ್ಟವಲ್ಲ. ಹದಿನೈದಿಪ್ಪತ್ತು ಹಸಿ ಜೊಂಡುಕಡ್ಡಿ ಸಾಕು. ಚಿಕ್ಕವರಿಗೆ ಕಾಗದದ ಪಟ್ಟಿಯೂ ಆದೀತು. ಒಂದು ಕಡ್ಡಿಯನ್ನು ನೆಟ್ಟಗೆ ಹಿಡಿಯಿರಿ. ಎರಡನೆಯದನ್ನು ಮಧ್ಯಕ್ಕೆ ಮಡಚಿ, ಮೊದಲನೆಯದರ ನಡುವನ್ನು ಬಳಸುವಂತೆ ಹಾಕಿ. ಅದರ ತುದಿಗಳೆರಡೂ ಬಲಕ್ಕೆ ಚಾಚಿರಲಿ. ಹಿಡಿತ ಬಿಡದೆ ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಆ ತುದಿಗಳು ಮೇಲಕ್ಕೆ ಬರುತ್ತವೆ. ಮೂರನೆಯದನ್ನು ಮಡಚಿ ಅವುಗಳ ಮೇಲೆ ಹಾಕಿ ಬಲಕ್ಕೆಳೆಯಿರಿ, ಮತ್ತೆ ತಿರುಗಿಸಿ. ಹೀಗೇ ಸಾಗಿದರೆ ನಡುವೆ ಚೌಕ ಬೆಳೆಯುತ್ತದೆ. ಕೊನೆಗೆ ನಾಲ್ಕೂ ತೋಳುಗಳ ತುದಿಯನ್ನು ದಾರದಿಂದ ಕಟ್ಟಿ. ನಡುವೆ ಎಲ್ಲೋ ಒಂದು ಕಡೆ ಸಡಿಲವಾಗಿ ಎಲ್ಲ ಬಿಚ್ಚಿಕೊಳ್ಳುವುದುಂಟು. ಆಗ ಮಗುವಿನ ಕೈಯಿಂದ ಕಿತ್ತುಕೊಂಡು ನೀವೇ ಮುಗಿಸಬೇಡಿ.

ಮುಗಿದ ಮೇಲೆ ಪವಿತ್ರ ಜಲ ಚಿಮುಕಿಸಿ, ಮಲಗುವ ಮುನ್ನ ಬಾಗಿಲ ಮೇಲೆ ಸಿಕ್ಕಿಸುವುದು ವಾಡಿಕೆ. ಹಸಿರು ಜೊಂಡು ದಿನ ಕಳೆದಂತೆ ಒಣಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಹೊಸದು ಬಂದಾಗ ಹಳೆಯದನ್ನು ಸುಟ್ಟವರೂ ಇದ್ದರು. ಕೆಲವು ಮನೆಗಳಲ್ಲಿ ಹಳೆಯದನ್ನು ತೆಗೆಯದೆ ಅದರ ಪಕ್ಕದಲ್ಲೇ ಹೊಸದನ್ನು ಸಿಕ್ಕಿಸುತ್ತಿದ್ದರು. ಹುಲ್ಲುಮಾಡಿನ ಕೆಳಗೆ ಸಾಲಾಗಿ ನಿಂತ ಶಿಲುಬೆಗಳನ್ನು ಎಣಿಸಿದರೆ ಆ ಒಲೆಯ ಸುತ್ತ ಎಷ್ಟು ವರ್ಷ ಕೂಡಿ ಕುಳಿತಿದ್ದರೆಂದು ತಿಳಿಯುತ್ತಿತ್ತು.